ಗೋಡೆಗೆ ತೂತು ಬೇಡ: ಪ್ಲಾಸ್ಟಿಕ್ ಟ್ಯಾಂಕಿಗೆ ಲೆವೆಲ್ ಸೆನ್ಸರ್ ಕೂರಿಸುವ ಬಗೆ

ಪ್ರಶ್ನೆ: ನಮ್ಮ ಟೆರೇಸಿನ ಮೇಲೆ 1000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇದೆ, ಕೆಳಗೆ ಸಂಪು. ಮೋಟರ್ ಆಫ್ ಮಾಡುವುದು ಮರೆತು ನೀರು ಹರಿದುಹೋಗುತ್ತಲೇ ಇರುತ್ತದೆ. ಲೆವೆಲ್ ಸೆನ್ಸರ್ ಹಾಕಿಸಬೇಕೆಂದಿದ್ದೇವೆ. ಅದಕ್ಕೆ ಟ್ಯಾಂಕಿಗೆ ತೂತು ಕೊರೆಯಲೇಬೇಕೇ? ಕೊರೆದರೆ ಮುಂದೆ ಸೋರುವುದಿಲ್ಲವೇ? ಯಾವ ಸೆನ್ಸರ್ ಒಳ್ಳೆಯದು?

ಉತ್ತರ: ಒಂದು ತೂತು ಬೇಕು. ಆದರೆ ಅದು ಟ್ಯಾಂಕಿನ ತಲೆಯ ಮೇಲೆ, ನೀರು ಎಂದೂ ಮುಟ್ಟದ ಜಾಗದಲ್ಲಿ ಇರಬೇಕು. ಅಲ್ಲಿ ಕೊರೆದರೆ ಸೋರುವ ಮಾತೇ ಇಲ್ಲ. ಗೋಡೆಗೆ ಕೊರೆಯುತ್ತೇನೆ ಎಂದು ಯಾರಾದರೂ ಡ್ರಿಲ್ ಹಿಡಿದು ಬಂದರೆ ಒಪ್ಪಬೇಡಿ.

ಕಾರಣ ಪ್ಲಾಸ್ಟಿಕ್ಕಿನ ಗುಣದಲ್ಲೇ ಇದೆ. ಈ ಟ್ಯಾಂಕುಗಳು ಪಾಲಿಥಿಲೀನಿನವು, ಅಚ್ಚನ್ನು ತಿರುಗಿಸುತ್ತಾ ಕಾಯಿಸಿ ಮಾಡಿದಂಥವು. ಪಾಲಿಥಿಲೀನಿಗೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯುವುದಿಲ್ಲ. ಪಿವಿಸಿ ಪೈಪಿಗೆ ಹಚ್ಚುವ ಸೊಲ್ಯೂಷನ್, ಎಪಾಕ್ಸಿ, ಸಿಲಿಕೋನ್ ಎಲ್ಲವೂ ಮೊದಲ ದಿನ ಗಟ್ಟಿಯಾಗಿ ಕಂಡು ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಎದ್ದುಬರುತ್ತವೆ. ಜೊತೆಗೆ ಬಿಸಿಲಿಗೆ ಈ ಪ್ಲಾಸ್ಟಿಕ್ ಹಿಗ್ಗುವುದೂ ಹೆಚ್ಚು. 1 ಮೀಟರ್ ಉದ್ದದ ಗೋಡೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 5 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಬಿಸಿಗೆ ಕಬ್ಬಿಣ ಅರ್ಧ ಮಿ.ಮೀ. ಕೂಡ ಹಿಗ್ಗದು. ಟ್ಯಾಂಕ್ ತುಂಬಿದಾಗ ಗೋಡೆ ಉಬ್ಬುತ್ತದೆ, ಖಾಲಿಯಾದಾಗ ಒಳಗೆ ಸರಿಯುತ್ತದೆ. ದಿನಕ್ಕೆರಡು ಸಲ ಹೀಗೆ ಉಸಿರಾಡುವ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಸಣ್ಣ ವಾಷರಿನ ಮೇಲೆ ಭಾರ ಹಾಕಿ ಸೆನ್ಸರ್ ಕೂರಿಸಿದರೆ ಒಂದಲ್ಲ ಒಂದು ದಿನ ಅಂಚಿನಿಂದ ಬಿರುಕು ಏಳುತ್ತದೆ. ಪೈಪಿಗೆ ಹಾಕುವ ಟ್ಯಾಂಕ್ ನಿಪ್ಪಲ್ ತಾಳಿಕೊಳ್ಳುವುದು ಅದರ ಅಗಲವಾದ ಅಂಚು, ದಪ್ಪ ರಬ್ಬರ್, ಎರಡೂ ಕಡೆಯ ಬಿಗಿತದಿಂದ. ಸೈಡಿಗೆ ಸಿಕ್ಕಿಸುವ ಪುಟ್ಟ ಫ್ಲೋಟ್ ಸ್ವಿಚ್ಚಿಗೆ ಆ ಅನುಕೂಲ ಇಲ್ಲ.

ಇನ್ನು ಯಾವ ಸೆನ್ಸರ್ ಎಂಬ ಪ್ರಶ್ನೆ. ಅಂಗಡಿಯಲ್ಲಿ ಬೆಲೆ, ವಾರಂಟಿ, ಮೊಬೈಲ್ ಆ್ಯಪ್ ಇದೆಯೇ ಎಂದೆಲ್ಲ ಕೇಳುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ: ಟೆರೇಸಿನ ವೈರು ತುಂಡಾದರೆ ಮೋಟರ್ ನಿಲ್ಲುತ್ತದೋ, ಓಡುತ್ತಲೇ ಇರುತ್ತದೋ? ಬಿಸಿಲಿಗೆ ವೈರಿನ ಹೊದಿಕೆ ಸೀಳುತ್ತದೆ, ಇಲಿ ಕಡಿಯುತ್ತದೆ, ಜಾಯಿಂಟಿಗೆ ತುಕ್ಕು ಹಿಡಿಯುತ್ತದೆ. ಹತ್ತು ವರ್ಷದಲ್ಲಿ ಒಮ್ಮೆಯಾದರೂ ಅದು ತುಂಡಾಗುವುದು ಖಂಡಿತ ಎಂದುಕೊಂಡೇ ಯೋಚಿಸಬೇಕು.

ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವುದು ಪ್ರೋಬ್ ಬಗೆಯ ಕಂಟ್ರೋಲರ್. ಮೂರು ಸ್ಟೀಲ್ ಕಡ್ಡಿಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಳಿಬಿಡುತ್ತಾರೆ. ನೀರು ಮೇಲಿನ ಕಡ್ಡಿ ಮುಟ್ಟಿದಾಗ ಅದರ ಮೂಲಕ ಸಣ್ಣ ಕರೆಂಟು ಹರಿದು ‘ತುಂಬಿತು’ ಎಂದು ಗೊತ್ತಾಗುತ್ತದೆ. ವೈರು ತುಂಡಾದರೆ ಕರೆಂಟು ಹರಿಯದು, ಕಂಟ್ರೋಲರ್ ಟ್ಯಾಂಕ್ ಖಾಲಿ ಎಂದೇ ತಿಳಿಯುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ಬೋರ್ ನೀರಿನ ಸುಣ್ಣ ಕಡ್ಡಿಯ ಮೇಲೆ ಬಿಳಿ ಪದರವಾಗಿ ಕಟ್ಟಿಕೊಂಡರೂ ಇದೇ ಗತಿ. ಅಗ್ಗದ ಕಂಟ್ರೋಲರುಗಳು ಕಡ್ಡಿಗಳಿಗೆ ಡಿಸಿ ಕೊಡುತ್ತವೆ; ಆಗ ಪಾಸಿಟಿವ್ ಕಡೆಯ ಕಡ್ಡಿ ನೀರಿನಲ್ಲಿ ಸವೆದು ತೆಳ್ಳಗಾಗುತ್ತದೆ. ಪ್ರೋಬ್ ಬಗೆಯನ್ನೇ ಕೊಳ್ಳುವುದಾದರೆ ಎಸಿ ಕೊಡುವ ಕಂಟ್ರೋಲರ್ ಆಗಿರಲಿ, ಕಡ್ಡಿ 304 ಅಥವಾ 316 ದರ್ಜೆಯ ಸ್ಟೀಲ್ ಆಗಿರಲಿ.

ಕೇಬಲ್ ಫ್ಲೋಟ್ ಸ್ವಿಚ್ಚಿನದು ಬೇರೆ ದಾರಿ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಲೋಹದ ಗುಂಡು. ಡಬ್ಬಿ ತಲೆಕೆಳಗಾಗಿ ತೂಗಿದಾಗ ಗುಂಡು ಒಂದು ಕಡೆ, ನೀರಿನಲ್ಲಿ ಎದ್ದಾಗ ಇನ್ನೊಂದು ಕಡೆ ಉರುಳಿ ಸ್ವಿಚ್ ಒತ್ತುತ್ತದೆ. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಗುಂಡು ಉರುಳಿ ‘ಟಕ್’ ಎನ್ನುವುದು ಕೇಳಿಸುತ್ತದೆ. ನೀರು ಕೆಳಗಿದ್ದಾಗ ಸರ್ಕ್ಯೂಟ್ ಕೂಡಿಕೊಂಡು ಮೋಟರ್ ಓಡುವಂತೆ ಇದನ್ನು ಜೋಡಿಸಿದರೆ, ವೈರು ತುಂಡಾದಾಗ ಸರ್ಕ್ಯೂಟ್ ಬಿಟ್ಟುಹೋಗಿ ಮೋಟರ್ ನಿಲ್ಲುತ್ತದೆ. ನಲ್ಲಿಯಲ್ಲಿ ನೀರು ಬರದಿದ್ದಾಗ ನೀವೇ ಹೋಗಿ ನೋಡುತ್ತೀರಿ. ರಾತ್ರಿಯೆಲ್ಲ ಟ್ಯಾಂಕ್ ಉಕ್ಕಿ ಸಂಪು ಬರಿದಾಗಿ ಮೋಟರ್ ಸುಡುವುದಕ್ಕಿಂತ ಇದು ಎಷ್ಟೋ ಮೇಲು. ಸಾಮಾನ್ಯ ಮನೆಗೆ ನಾವು ಹೇಳುವುದು ಇದನ್ನೇ.

ಉಳಿದವುಗಳ ಬಗ್ಗೆ ಎರಡು ಮಾತು. ಹೊರಗಿನಿಂದ ಗೋಡೆಗೆ ಅಂಟಿಸುವ ಕೆಪಾಸಿಟಿವ್ ಸೆನ್ಸರಿಗೆ ತೂತೇ ಬೇಡ, ನಿಜ. ನೆರಳಿನಲ್ಲಿರುವ, ಒಂದೇ ಪದರದ ಗೋಡೆಯ, ಗೊಬ್ಬರದ ದ್ರಾವಣ ಅಥವಾ ಆ್ಯಸಿಡ್ ತುಂಬುವ ಟ್ಯಾಂಕಿಗೆ ಅದು ಬಲು ಒಳ್ಳೆಯದು. ಟೆರೇಸಿನಲ್ಲಿ ಮಾತ್ರ ಮಳೆಗೆ ಗೋಡೆ ಒದ್ದೆಯಾದರೆ ಸುಳ್ಳು ಸಂಕೇತ ಕೊಡಬಹುದು, ಗೋಡೆಯ ನಡುವೆ ಫೋಮ್ ಪದರ ಇರುವ ಟ್ಯಾಂಕಿನಲ್ಲಿ ನೀರನ್ನು ಗುರುತಿಸಲು ತಿಣುಕುತ್ತದೆ. ಅದರ ಟೇಪು ಕೂಡ ಪಾಲಿಥಿಲೀನಿಗೆ ಹಿಡಿಯುವುದಿಲ್ಲ, ಸುತ್ತಲೂ ಪಟ್ಟಿ ಕಟ್ಟಬೇಕಾಗುತ್ತದೆ. ಅಲ್ಟ್ರಾಸಾನಿಕ್ ಸೆನ್ಸರ್ ಶಬ್ದದ ಅಲೆ ಕಳಿಸಿ, ಅದರ ಪ್ರತಿಧ್ವನಿಯಿಂದ ಎಷ್ಟು ನೀರಿದೆ ಎಂದು ಅಳೆದು ತೋರಿಸುತ್ತದೆ, ಆದರೆ ತನ್ನ ಬಾಯಿಯ ಹತ್ತಿರದ 20–25 ಸೆಂ.ಮೀ. ಅದಕ್ಕೆ ಕಾಣದು, ಮುಚ್ಚಳದಡಿ ಹನಿ ಕಟ್ಟಿದರೆ ತಪ್ಪು ಓದುತ್ತದೆ. ಗುಮ್ಮಟದಂಥ ತಲೆಯ ನಟ್ಟನಡುವೆ ಅದನ್ನು ಕೂರಿಸಬಾರದು, ಪ್ರತಿಧ್ವನಿಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ನೋಡಲು ಅದು ಇರಲಿ, ಮೋಟರ್ ನಿಲ್ಲಿಸುವ ಹೊಣೆ ಫ್ಲೋಟಿಗೇ ಇರಲಿ.

ಬೇಕಾಗುವ ಸಾಮಾನು: ಭಾರದ ಗುಂಡಿನ (ಕೇಬಲಿಗೆ ಹೊರಗಿನಿಂದ ಸಿಕ್ಕಿಸುವ ತೂಕ) ಸಮೇತ ಮೂರು ವೈರಿನ ಕೇಬಲ್ ಫ್ಲೋಟ್ ಎರಡು (ಒಂದು ಟ್ಯಾಂಕಿಗೆ, ಇನ್ನೊಂದು ಸಂಪಿನಲ್ಲಿ ನೀರು ಮುಗಿದರೆ ಮೋಟರ್ ನಿಲ್ಲಿಸಲು), 20 ಮಿ.ಮೀ. ಕೇಬಲ್ ಗ್ಲ್ಯಾಂಡ್ (ತೂತಿನಲ್ಲಿ ಕೇಬಲನ್ನು ಬಿಗಿಹಿಡಿಯುವ ತಿರುಪಿನ ಬಿಡಿಭಾಗ) ಒಂದು, ಅದಕ್ಕೆ ಎರಡು ರಬ್ಬರ್ ವಾಷರ್, ಮಳೆ ತಡೆಯುವ ಜಂಕ್ಷನ್ ಬಾಕ್ಸ್, 0.75 ಚದರ ಮಿ.ಮೀ.ನ ಎರಡೆಳೆ ಕೇಬಲ್, ಅದನ್ನು ತೂರಿಸಲು ಪಿವಿಸಿ ಪೈಪು, 24 ವೋಲ್ಟ್ ಡಿಸಿ ಅಡಾಪ್ಟರ್, 24 ವೋಲ್ಟಿನ ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್), 1 ಎಚ್‌ಪಿ ಮೋಟರಿಗೆ ಎಸಿ-3 ದರ್ಜೆಯಲ್ಲಿ (ಮೋಟರ್ ಹೊರೆಗೆ ಕೊಡುವ ದರ್ಜೆ) 12 ಆಂಪಿಯರಿಗೆ ಕಡಿಮೆಯಿಲ್ಲದ ಕಾಂಟ್ಯಾಕ್ಟರ್ (ಮೋಟರಿನ ದೊಡ್ಡ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್). ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಫ್ಲೋಟಿನ ಮೇಲೆ 10 ಆಂಪಿಯರ್, 230 ವೋಲ್ಟ್ ಎಂದು ಬರೆದಿರುತ್ತದೆ. ಅದನ್ನು ನಂಬಿ ಕೆಲವರು ಮೋಟರಿನ ಲೈನನ್ನೇ ಅದರ ಮೂಲಕ ಎಳೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಸ್ವಿಚ್ಚಿನ ತುದಿಗಳು ಸುಟ್ಟು ಬೆಸೆದುಕೊಳ್ಳುತ್ತವೆ, ಮತ್ತೆ ಬಿಡುವುದೇ ಇಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಮಕ್ಕಳು ಸ್ನಾನ ಮಾಡುವ ನೀರಿನಲ್ಲಿ 230 ವೋಲ್ಟಿನ ವೈರು ಮುಳುಗಿರುವುದು. 24 ವೋಲ್ಟ್ ಮಾತ್ರ ನೀರಿಗಿಳಿಯಲಿ.

ಟೆರೇಸಿಗೆ ಹತ್ತುವ ಮುಂಚೆ ಕೆಳಗೇ ಒಂದು ಬಕೆಟ್ ನೀರು, ಒಂದು ಮಲ್ಟಿಮೀಟರ್ ಇಟ್ಟುಕೊಂಡು ಫ್ಲೋಟ್ ಪರೀಕ್ಷಿಸಿ. ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಬಣ್ಣ ನಂಬಬೇಡಿ. ಸರ್ಕ್ಯೂಟ್ ಕೂಡಿದಾಗ ಸದ್ದು ಮಾಡುವಂತೆ ಮೀಟರ್ ಇಟ್ಟುಕೊಳ್ಳಿ. ಫ್ಲೋಟ್ ಕೆಳಗೆ ತೂಗಿದಾಗ ಮೀಟರ್ ‘ಕುಂಯ್’ ಎನ್ನುವ ವೈರಿನ ಜೋಡಿ ಟ್ಯಾಂಕಿಗೆ. ನೀರಿನಲ್ಲಿ ಎದ್ದಾಗ ‘ಕುಂಯ್’ ಎನ್ನುವ ಜೋಡಿ ಸಂಪಿಗೆ. ಮಿಕ್ಕ ಒಂದು ಎಳೆಯ ತುದಿಗೆ ಟೇಪು ಸುತ್ತಿ ಬಿಡಿ.

ಈಗ ತೂತು. ಮುಚ್ಚಳಕ್ಕೆ ಕೊರೆಯುವುದು ಸುಲಭವೆನಿಸುತ್ತದೆ, ಆದರೆ ತೊಳೆಯುವಾಗಲೆಲ್ಲ ಮುಚ್ಚಳ ತಿರುಗಿಸಿದರೆ ವೈರೂ ತಿರುಚಿಕೊಂಡು ಒಳಗೇ ಮುರಿಯುತ್ತದೆ. ಬಾಯಿಯ ಅಂಚಿನಿಂದ 5 ಸೆಂ.ಮೀ. ಹೊರಗೆ, ಏಣುಗಳ ನಡುವೆ ಸಪಾಟಾದ ಜಾಗ ಹುಡುಕಿ. ಅಲ್ಲಿಯಾದರೆ ಬಾಯಿಯೊಳಗೆ ಕೈ ಹಾಕಿ ಒಳಗಿನ ನಟ್ ಹಿಡಿಯಬಹುದು. ಆ ಜಾಗ ನೀರು ಬೀಳುವ ಪೈಪಿನ ಎದುರು ಬದಿಗಿರಲಿ, ಗೋಡೆಯಿಂದ ಕನಿಷ್ಠ 30 ಸೆಂ.ಮೀ. ದೂರವಿರಲಿ. ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ) ಬಳಸಿ, ಡ್ರಿಲ್ ನಿಧಾನ ಓಡಲಿ. ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಅಂಚು ಗಂಟುಗಟ್ಟುತ್ತದೆ. ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ಒತ್ತಿಹಿಡಿದರೆ ಚೂರುಗಳು ನೀರಿಗೆ ಬೀಳುವುದಿಲ್ಲ. ಬಿದ್ದವು ಕೊನೆಗೆ ಸೇರುವುದು ಶವರಿಗೆ, ಗೀಸರಿಗೆ. ಅಂಚನ್ನು ಚಾಕುವಿನಿಂದ ನಯ ಮಾಡಿ, ಗೀರು ಉಳಿದರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಟ್ಯಾಂಕಿನ ಮೇಲೆ ಹತ್ತಿ ನಿಲ್ಲಬೇಡಿ, ಏಣಿ ಹಾಕಿಕೊಳ್ಳಿ, ಒಬ್ಬರು ಹಿಡಿದುಕೊಳ್ಳಲಿ.

ಗ್ಲ್ಯಾಂಡಿನ ಎರಡೂ ಕಡೆ ರಬ್ಬರ್ ಇಟ್ಟು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು ಸಾಕು. ಪಾಲಿಥಿಲೀನ್ ಒತ್ತಡಕ್ಕೆ ಮೆಲ್ಲಗೆ ಅಮುಕಿಕೊಳ್ಳುತ್ತದೆ, ಹಾಗಾಗಿ ಒಂದು ವಾರ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಬೇಕು. ಈ ಬಿಗಿತ ಸೋರಿಕೆಗಾಗಿ ಅಲ್ಲ. ಸಂದು ಉಳಿದರೆ ಬೆಳಕು ಹೋಗಿ ಪಾಚಿ ಕಟ್ಟುತ್ತದೆ, ಡೆಂಗಿ ಹರಡುವ ಸೊಳ್ಳೆ ಒಳಹೊಕ್ಕು ಮೊಟ್ಟೆಯಿಡುತ್ತದೆ.

ಫ್ಲೋಟಿನ ಎತ್ತರ ಹೊಂದಿಸುವುದರಲ್ಲೇ ಅರ್ಧ ಕೆಲಸ ಇದೆ. ಭಾರದ ಗುಂಡಿನಿಂದ ಫ್ಲೋಟಿನವರೆಗೆ 15 ಸೆಂ.ಮೀ. ಕೇಬಲ್ ಬಿಡಿ. ಗುಂಡು ಓವರ್‌ಫ್ಲೋ ಪೈಪಿನ ಕೆಳ ಅಂಚಿಗಿಂತ 25 ಸೆಂ.ಮೀ. ಕೆಳಗೆ ತೂಗಲಿ. ಆಗ ಫ್ಲೋಟ್ ಮೇಲೆದ್ದು ಮೋಟರ್ ನಿಲ್ಲುವ ಮಟ್ಟ ಓವರ್‌ಫ್ಲೋಗಿಂತ 5ರಿಂದ 8 ಸೆಂ.ಮೀ. ಕೆಳಗಿರುತ್ತದೆ, ಶುರುವಾಗುವ ಮಟ್ಟ ಅದಕ್ಕಿಂತ 30–35 ಸೆಂ.ಮೀ. ಕೆಳಗೆ. 1.1 ಮೀಟರ್ ಅಗಲದ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರೆಂದರೆ ಸುಮಾರು 9.5 ಲೀಟರ್. ಅಂದರೆ ಪ್ರತಿ ಸಲ 300 ಲೀಟರಿನಷ್ಟು ಏರುತ್ತದೆ. ನಿಮಿಷಕ್ಕೆ 35 ಲೀಟರ್ ಎತ್ತುವ ಮೋಟರ್ ಎಂಟೊಂಬತ್ತು ನಿಮಿಷ ಓಡುತ್ತದೆ. ಕೇಬಲ್ ತುಂಬಾ ಗಿಡ್ಡ ಮಾಡಿದರೆ ಎರಡು ಬಕೆಟ್ ಖರ್ಚಾದಾಗಲೆಲ್ಲ ಮೋಟರ್ ಶುರುವಾಗಿ ಬೇಗ ಹಾಳಾಗುತ್ತದೆ. ತುಂಬಾ ಉದ್ದ ಬಿಟ್ಟರೆ ಫ್ಲೋಟ್ ಗೋಡೆಗೆ ತಾಗುತ್ತದೆ ಅಥವಾ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಕೆಳಗೇ ಸಿಕ್ಕಿಕೊಂಡರೆ ಮೋಟರ್ ನಿಲ್ಲದು. ಈ ಬಗೆಯ ಸೆನ್ಸರಿನ ದೊಡ್ಡ ದೋಷ ಇದೇ, ಅದಕ್ಕೆಂದೇ ಸ್ಟಾರ್ಟರ್ ಬಾಕ್ಸಿನಲ್ಲಿ 40 ನಿಮಿಷಕ್ಕೆ ಕಡಿದುಹಾಕುವ ಟೈಮರ್ ಇರಲಿ. ಖಾಲಿ ಟ್ಯಾಂಕ್ ತುಂಬಲೂ ಸುಮಾರು 29 ನಿಮಿಷ ಸಾಕು.

ವೈರಿಂಗ್ ಕಷ್ಟದ್ದಲ್ಲ. 24 ವೋಲ್ಟ್ ಅಡಾಪ್ಟರಿನಿಂದ ಹೊರಟ ಎಳೆ ಮೊದಲು ಸಂಪಿನ ಫ್ಲೋಟ್, ನಂತರ ಟ್ಯಾಂಕಿನ ಫ್ಲೋಟ್ ದಾಟಿ ರಿಲೇಗೆ ಸೇರಿ, ಅಲ್ಲಿಂದ ಅಡಾಪ್ಟರಿಗೆ ಮರಳಬೇಕು. ರಿಲೇ ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಕಾಂಟ್ಯಾಕ್ಟರ್ ಮೋಟರನ್ನು ಓಡಿಸುತ್ತದೆ. ಸಂಪಿನಲ್ಲಿ ನೀರಿದ್ದು, ಟ್ಯಾಂಕಿನಲ್ಲಿ ಇಲ್ಲದಿದ್ದರೆ ಮಾತ್ರ ಸರ್ಕ್ಯೂಟ್ ಕೂಡುತ್ತದೆ. ಸಂಪಿನ ಫ್ಲೋಟ್ ಫುಟ್‌ವಾಲ್ವಿಗಿಂತ (ನೀರು ಹೀರುವ ಪೈಪಿನ ಕೆಳತುದಿಯ ವಾಲ್ವ್) 30 ಸೆಂ.ಮೀ. ಮೇಲೆ ನೀರಿರುವಾಗಲೇ ಸರ್ಕ್ಯೂಟ್ ಬಿಡುವಂತೆ ಕಟ್ಟಿ. ಆಟೋ–ಮ್ಯಾನುಯಲ್ ಸ್ವಿಚ್ ಬೇಕಿದ್ದರೆ ಅದು ಟ್ಯಾಂಕಿನ ಫ್ಲೋಟನ್ನು ಮಾತ್ರ ಸರ್ಕ್ಯೂಟಿನಿಂದ ಬದಿಗೆ ಸರಿಸಲಿ, ಸಂಪಿನದನ್ನಲ್ಲ. ಜಾಯಿಂಟ್ ಯಾವುದೂ ಟ್ಯಾಂಕಿನೊಳಗೆ ಬೇಡ. ಒಳಗಿನ ಹಬೆಗೆ ಟೇಪು ಸುತ್ತಿದ ತಾಮ್ರ ಒಂದೇ ಮಳೆಗಾಲದಲ್ಲಿ ಹಸಿರಾಗುತ್ತದೆ. ಜಂಕ್ಷನ್ ಬಾಕ್ಸಿಗೆ ಕೇಬಲ್ ಕೆಳಗಿನಿಂದ ಹೋಗಲಿ, ಹೋಗುವ ಮುಂಚೆ ಒಮ್ಮೆ ಜೋತುಬಿದ್ದು ಹೋಗಲಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. 230 ವೋಲ್ಟಿನ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಅವರು ಹೊರಡುವ ಮುಂಚೆ ಮೂರು ಪರೀಕ್ಷೆ ಮಾಡಿ ನೋಡಿ. ಮೋಟರ್ ಓಡುತ್ತಿರುವಾಗ ಟ್ಯಾಂಕಿನ ಫ್ಲೋಟನ್ನು ಕೈಯಲ್ಲಿ ಎತ್ತಿ, ನಿಲ್ಲಬೇಕು. ಸಂಪಿನ ಫ್ಲೋಟನ್ನು ನೀರಿನಿಂದ ಮೇಲೆಳೆದು ತೂಗುಬಿಡಿ, ಆಗಲೂ ನಿಲ್ಲಬೇಕು. ಕೊನೆಗೆ ಜಂಕ್ಷನ್ ಬಾಕ್ಸಿನಲ್ಲಿ 24 ವೋಲ್ಟಿನ ಒಂದು ಎಳೆ ಬಿಚ್ಚಿ. ಮೋಟರ್ ಓಡುತ್ತಲೇ ಇದ್ದರೆ ಜೋಡಣೆ ತಪ್ಪಾಗಿದೆ, ಅಲ್ಲೇ ಸರಿಮಾಡಿಸಿ.

ಆರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯುವಾಗ ಫ್ಲೋಟನ್ನೂ ಒರೆಸಿ. ಬೋರ್ ನೀರಿನ ಮನೆಗಳಲ್ಲಿ ಅದರ ಮೇಲೆ ಸುಣ್ಣ ಗಡುಸಾಗಿ ಕಟ್ಟಿ ಭಾರವಾಗುತ್ತದೆ, ಏಳಬೇಕಾದಷ್ಟು ಏಳುವುದಿಲ್ಲ. ವಿನೆಗರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟು ಉಜ್ಜಿದರೆ ಬಿಟ್ಟುಬರುತ್ತದೆ. ಚಾಕುವಿನಿಂದ ಕೆರೆಯಬೇಡಿ, ಹೊದಿಕೆ ಸೀಳಿ ನೀರು ಒಳಹೋದರೆ ಫ್ಲೋಟ್ ಮುಳುಗುತ್ತದೆ.