ಕಂಪ್ಯೂಟ್ ಮಾಡ್ಯೂಲ್ ರಿಫ್ಲ್ಯಾಶ್: ಯುಎಸ್‌ಬಿ ಎಲ್ಲಿ ಕೈಕೊಡುತ್ತದೆ?

ಕಪನೂರಿನ ದಾಲ್ ಮಿಲ್ ಇರಲಿ, ಹುಮನಾಬಾದಿನ ಕಾರ್ಖಾನೆ ಇರಲಿ, ಪ್ಯಾನೆಲ್‌ನಲ್ಲಿ ಡಿನ್ ರೈಲಿಗೆ ಕೂರಿಸಿದ ಸಣ್ಣ ಗೇಟ್‌ವೇ (ಯಂತ್ರಗಳ ಡೇಟಾವನ್ನು ನೆಟ್‌ವರ್ಕ್‌ಗೆ ಕಳಿಸುವ ಪೆಟ್ಟಿಗೆ) ಬಿಚ್ಚಿದರೆ ಒಳಗೆ ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸಿಗಬಹುದು. ಓಎಸ್ ಕೆಟ್ಟು ನಿಂತರೆ ಅದರ ಇಎಂಎಂಸಿಗೆ, ಅಂದರೆ ಬೋರ್ಡ್ ಮೇಲೇ ಇರುವ ಸ್ಟೋರೇಜ್ ಚಿಪ್‌ಗೆ, ಯುಎಸ್‌ಬಿ ಮೂಲಕವೇ ಹೊಸ ಇಮೇಜ್ ಬರೆಯಬೇಕು. ಈ ಟಿಪ್ಪಣಿ ಸಿಎಂ4 (ಕಂಪ್ಯೂಟ್ ಮಾಡ್ಯೂಲ್ 4) ಇಟ್ಟುಕೊಂಡು ಬರೆದದ್ದು. ಇಮೇಜ್ ಡೌನ್‌ಲೋಡ್, ಲಿನಕ್ಸ್ ಟರ್ಮಿನಲ್ ಎಲ್ಲ ಗೊತ್ತಿದೆ ಎಂದುಕೊಂಡಿದ್ದೇನೆ.

ಮೊದಲು ಕೇಬಲ್, ಆಮೇಲೆ ಪವರ್

ಯುಎಸ್‌ಬಿ ಬೂಟ್‌ಗೆ ಹೋಗಬೇಕೋ ಇಎಂಎಂಸಿಯಿಂದಲೇ ಏಳಬೇಕೋ ಎಂಬುದನ್ನು ಚಿಪ್ ಪವರ್ ಬಂದ ಕ್ಷಣದಲ್ಲಿ ತೀರ್ಮಾನಿಸುತ್ತದೆ. ಬೋರ್ಡ್ ಓಡುತ್ತಿರುವಾಗ ಜಂಪರ್ (ಎರಡು ಪಿನ್ ಕೂಡಿಸುವ ಸಣ್ಣ ತುಂಡು) ಹಾಕಿದರೆ ಏನೂ ಆಗುವುದಿಲ್ಲ. ಮಾಡ್ಯೂಲ್ ಕೂರಿಸುವ ಸಿಎಂ4 ಐಒ ಬೋರ್ಡ್‌ನಲ್ಲಿ ಜೆ2 ಹೆಡರ್‌ನ ಮೊದಲ ಎರಡು ಪಿನ್‌ಗೆ ಜಂಪರ್ ಹಾಕಿ, ಜೆ11 ಮೈಕ್ರೋ ಯುಎಸ್‌ಬಿಯಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಜೋಡಿಸಿ, ಲ್ಯಾಪ್‌ಟಾಪ್‌ನಲ್ಲಿ ಆರ್‌ಪಿಐಬೂಟ್ (ಯುಎಸ್‌ಬಿ ಮೂಲಕ ಬೋರ್ಡ್ ಏಳಿಸುವ ಪ್ರೋಗ್ರಾಂ) ಓಡಿಸಿ, ಕಡೆಗೆ ಪವರ್ ಕೊಡಿ. ಬೇರೆ ಕಂಪನಿಯ ಪೆಟ್ಟಿಗೆಯಾದರೆ ಜಂಪರ್ ಬದಲು ಬಟನ್ ಅಥವಾ ಸ್ವಿಚ್ ಇರಬಹುದು, ಮ್ಯಾನ್ಯುಯಲ್ ನೋಡಿ. ಅನುಕ್ರಮ ಮಾತ್ರ ಇದೇ. ಕೀಬೋರ್ಡ್, ಡಾಂಗಲ್, ಪೆನ್‌ಡ್ರೈವ್ ಎಲ್ಲವನ್ನೂ ಮೊದಲೇ ಕಿತ್ತಿಡಿ.

ಕೇಬಲ್ ಮೇಲೆ ನಂಬಿಕೆ ಬೇಡ. ಮೊಬೈಲ್ ಚಾರ್ಜರ್ ಜೊತೆ ಬಂದ ಕೆಲವು ಕೇಬಲ್‌ಗಳಲ್ಲಿ ಕೆಂಪು, ಕಪ್ಪು ಎರಡೇ ತಂತಿ. ಡೇಟಾ ಹೋಗುವ ಬಿಳಿ, ಹಸಿರು ಇರುವುದೇ ಇಲ್ಲ. ಆ ಕೇಬಲ್‌ನಿಂದ ಒಂದು ಫೋನ್ ಜೋಡಿಸಿ, ಫೈಲ್ ಟ್ರಾನ್ಸ್‌ಫರ್ ಆಯ್ಕೆ ಬರುತ್ತದೆಯೇ ನೋಡಿ. ಬರೀ ಚಾರ್ಜ್ ಆದರೆ ಅದನ್ನು ಬದಿಗಿಡಿ. ಒಂದು ಮೀಟರ್‌ಗಿಂತ ಗಿಡ್ಡ ಕೇಬಲ್ ಒಳ್ಳೆಯದು.

ಒಂದೇ ಬೋರ್ಡ್, ಮೂರು ಅವತಾರ

ಎಲ್ಲರೂ ಮುಗ್ಗರಿಸುವುದು ಇಲ್ಲಿಯೇ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಫ್ಲ್ಯಾಶ್ ಮುಗಿಯುವಷ್ಟರಲ್ಲಿ ಬೋರ್ಡ್ ಲ್ಯಾಪ್‌ಟಾಪ್‌ಗೆ ಮೂರು ಬೇರೆ ಬೇರೆ ಸಾಧನಗಳಾಗಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ಚಿಪ್‌ನ ಬೂಟ್ ರೋಮ್, ಅಂದರೆ ಚಿಪ್‌ನೊಳಗೇ ಅಚ್ಚಾಗಿರುವ ಮೊದಲ ಪ್ರೋಗ್ರಾಂ. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಹೊಡೆದರೆ ಸಿಎಂ4ಗೆ 0ಎ5ಸಿ:2711 ಎಂಬ ಐಡಿ, ಹಳೆಯ ಸಿಎಂ3ಗೆ 0ಎ5ಸಿ:2764. ಆರ್‌ಪಿಐಬೂಟ್ ಅದಕ್ಕೆ ಬೂಟ್‌ಕೋಡ್ ಫೈಲ್ ಕಳಿಸುತ್ತದೆ. ಫೈಲ್ ಸಿಕ್ಕ ಕೂಡಲೇ ಬೋರ್ಡ್ ಯುಎಸ್‌ಬಿಯಿಂದ ತಾನೇ ಕಳಚಿಕೊಂಡು ಮತ್ತೆ ಬರುತ್ತದೆ. ಇದು ಎರಡನೆಯದು. ಐಡಿ ಹಳೆಯದೇ, ಆದರೆ ಒಳಗಿನ ಸೀರಿಯಲ್ ವಿವರ ಬೇರೆ, ಎಲ್‌ಎಸ್‌ಯುಎಸ್‌ಬಿಯಲ್ಲಿ ಡಿವೈಸ್ ನಂಬರ್ ಕೂಡ ಬೇರೆ. ಆರ್‌ಪಿಐಬೂಟ್ 'ಸೆಕೆಂಡ್ ಸ್ಟೇಜ್ ಬೂಟ್ ಸರ್ವರ್' ಎನ್ನುತ್ತದೆ. ಉಳಿದ ಫೈಲ್‌ಗಳು ಹೋದ ಮೇಲೆ ಇನ್ನೊಮ್ಮೆ ಕಳಚಿಕೊಂಡು, ಮೂರನೆಯ ಸಲ ಪೆನ್‌ಡ್ರೈವ್‌ನಂತೆ ಡಿಸ್ಕ್ ಆಗಿ ಬರುತ್ತದೆ.

ಹಾಗಾಗಿ ಕರ್ನಲ್ ಲಾಗ್‌ನಲ್ಲಿ ನಡುವೆ 'ಡಿಸ್‌ಕನೆಕ್ಟ್' ಎಂದು ಕಂಡರೆ ಅದು ದೋಷವಲ್ಲ. ಆಗ ಗಾಬರಿಯಾಗಿ ಕೇಬಲ್ ಕಿತ್ತರೆ ಮೊದಲಿನಿಂದ ಶುರು. ಕಳಚಿಕೊಂಡದ್ದು ವಾಪಸ್ ಬರಲಿಲ್ಲ ಎಂದರೆ ಮಾತ್ರ ದೋಷ. ಎಷ್ಟನೆಯದಕ್ಕೆ ನಿಂತಿತು ಎಂದು ಗೊತ್ತಾದರೆ ಕಾರಣವೂ ಗೊತ್ತಾಗುತ್ತದೆ. ಮೊದಲನೆಯದೇ ಬರದಿದ್ದರೆ ಜಂಪರ್, ಕೇಬಲ್, ಪವರ್. ಎರಡನೆಯದಕ್ಕೆ ನಿಂತರೆ ಲ್ಯಾಪ್‌ಟಾಪ್‌ನ ಪೋರ್ಟ್, ಇಲ್ಲವೇ ವರ್ಚುವಲ್ ಮಶೀನ್.

ವರ್ಚುವಲ್‌ಬಾಕ್ಸ್‌ನಲ್ಲಿ ಪಟ್ಟಿಯಿಂದ ಸಾಧನ ಆರಿಸಿ ಫಿಲ್ಟರ್ ಮಾಡಿದರೆ ವೆಂಡರ್, ಪ್ರಾಡಕ್ಟ್, ಸೀರಿಯಲ್ ಎಲ್ಲವೂ ತುಂಬಿಕೊಳ್ಳುತ್ತವೆ. ಎರಡನೆಯ ಅವತಾರದ ಸೀರಿಯಲ್ ವಿವರ ಅದಕ್ಕೆ ಹೊಂದುವುದಿಲ್ಲ, ಬೋರ್ಡ್ ಹೊರಗಿನ ವಿಂಡೋಸ್ ಕಡೆ ಹೋಗುತ್ತದೆ, ಒಳಗೆ ಆರ್‌ಪಿಐಬೂಟ್ ಕಾಯುತ್ತಲೇ ಇರುತ್ತದೆ. ಫಿಲ್ಟರ್‌ನಲ್ಲಿ ವೆಂಡರ್ ಐಡಿ 0ಎ5ಸಿ ಮಾತ್ರ ಇಟ್ಟು ಉಳಿದದ್ದು ಖಾಲಿ ಬಿಡಿ. ಡಿಸ್ಕ್ ಬೇರೆ ವೆಂಡರ್ ಐಡಿಯಲ್ಲಿ ಬಂದರೆ ಅದಕ್ಕೊಂದು ಫಿಲ್ಟರ್ ಬೇಕು. ನನ್ನ ಮಾತು ಕೇಳುವುದಾದರೆ ಈ ಕೆಲಸಕ್ಕೆ ವರ್ಚುವಲ್ ಮಶೀನ್ ಬೇಡವೇ ಬೇಡ. ಲೈವ್ ಪೆನ್‌ಡ್ರೈವ್‌ನಿಂದ ಲಿನಕ್ಸ್ ಏಳಿಸಿಕೊಳ್ಳಿ.

ಲಾಗ್‌ನ ನಂಬರ್‌ಗಳು

ಇನ್ನೊಂದು ಟರ್ಮಿನಲ್‌ನಲ್ಲಿ ಡಿ-ಮೆಸೇಜ್ (dmesg) ಕಮಾಂಡ್‌ನಿಂದ ಕರ್ನಲ್ ಲಾಗ್ ಸತತವಾಗಿ ತೆರೆದಿಡಿ. 'ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71' ಎಂದರೆ ಪ್ರೋಟೋಕಾಲ್ ತಪ್ಪಿದೆ, ಸಿಗ್ನಲ್ ಕೆಟ್ಟು ಬರುತ್ತಿದೆ. ಮೊದಲು ಕೇಬಲ್ ಬದಲಿಸಿ. -110 ಎಂದರೆ ಬೋರ್ಡ್ ಸಮಯಕ್ಕೆ ಉತ್ತರ ಕೊಡಲಿಲ್ಲ. ಸಪ್ಲೈ ವೋಲ್ಟೇಜನ್ನು ಬೋರ್ಡ್‌ನ ಟರ್ಮಿನಲ್‌ನಲ್ಲೇ ಅಳೆಯಿರಿ, ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಹತ್ತಿರ ಅಳೆದರೆ ಸಾಲದು. ಎರಡೂ ಸರಿ ಇದ್ದು ನೀಲಿ ಯುಎಸ್‌ಬಿ 3 ಪೋರ್ಟ್‌ನಲ್ಲಿ ಕೈಕೊಟ್ಟರೆ ನಡುವೆ ಒಂದು ಯುಎಸ್‌ಬಿ 2 ಹಬ್ ಹಾಕಿ. ಎಷ್ಟೋ ಸಲ ಇಷ್ಟೇ ಸಾಕು. ಪರ್ಮಿಷನ್ ಡಿನೈಡ್ ಬಂದರೆ ಸುಡೋ ಹಾಕಿ.

ಮಿಲ್‌ನೊಳಗೆ

ತೊಗರಿಯ ಸಣ್ಣ ಧೂಳು ಮೈಕ್ರೋ ಯುಎಸ್‌ಬಿ ಸಾಕೆಟ್‌ನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಪ್ಲಗ್ ಹೋದಂತೆ ಕಂಡರೂ ತಳ ಮುಟ್ಟಿರುವುದಿಲ್ಲ. ಪವರ್ ತೆಗೆದು, ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು, ಊದುವ ಬ್ರಷ್‌ನಿಂದ ತೆಗೆಯಿರಿ. ಪಿನ್ ಹಾಕಬೇಡಿ, ನಡುವಿನ ನಾಲಿಗೆ ಮುರಿಯುತ್ತದೆ.

ಎರಡು ಪಿನ್ ಅಡಾಪ್ಟರ್‌ನಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದರ ಲೋಹದ ಮೈಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಹತ್ತಾರು ಎಸಿ ವೋಲ್ಟ್ ತೋರಿಸುವುದುಂಟು. ಕರೆಂಟ್ ಅತಿ ಸಣ್ಣದು, ಆದರೆ ಯುಎಸ್‌ಬಿ ಚುಚ್ಚುವಾಗ ಅದು ಬೋರ್ಡ್ ಮೂಲಕ ಹರಿಯುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಫ್ಲ್ಯಾಶ್ ಮಾಡಿ. ದೊಡ್ಡ ಮೋಟಾರ್ ಶುರುವಾಗುವ ಹೊತ್ತು ತಪ್ಪಿಸಿ, ಸಾಧ್ಯವಾದರೆ ಮಾಡ್ಯೂಲ್ ಬಿಚ್ಚಿ ಟೇಬಲ್ ಮೇಲೆ ಮಾಡಿ.

ಬರೆಯುವಾಗ

ಡಿಸ್ಕ್ ಬಂದ ಮೇಲೆ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹೊಡೆದು ಗಾತ್ರ ನೋಡಿ. 32 ಜಿಬಿ ಇಎಂಎಂಸಿ ಸುಮಾರು 29 ಎಂದು ಕಾಣುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಡಿಸ್ಕ್ ಮೇಲೆ ಬರೆದರೆ ಡೇಟಾ ಹೋಯಿತು, ಆದ್ದರಿಂದ ಎರಡು ಸಲ ಓದಿ. ತಾನಾಗಿ ಮೌಂಟ್ ಆದ ಪಾರ್ಟಿಷನ್‌ಗಳನ್ನು ಅನ್‌ಮೌಂಟ್ ಮಾಡಿ. ವಿಂಡೋಸ್ ಆದರೆ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತದೆ, ಕ್ಯಾನ್ಸಲ್ ಒತ್ತಿ.

ಇಮೇಜ್ ಬರೆದು ಮುಗಿದ ಮೇಲೆ ಪವರ್ ತೆಗೆದು, ಜಂಪರ್ ಮತ್ತು ಕೇಬಲ್ ಎರಡನ್ನೂ ಕಿತ್ತು ಏಳಿಸಿ. ಐಒ ಬೋರ್ಡ್‌ನಲ್ಲಿ ಜೆ11ಗೆ ಕೇಬಲ್ ಇದ್ದರೆ ಉಳಿದ ಯುಎಸ್‌ಬಿ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ. ಕೇಬಲ್ ಕಿತ್ತ ಮೇಲೂ ಕೀಬೋರ್ಡ್ ಸತ್ತಂತಿದ್ದರೆ ಫ್ಲ್ಯಾಶ್ ಕೆಟ್ಟಿಲ್ಲ. ಸಿಎಂ4ನಲ್ಲಿ ಯುಎಸ್‌ಬಿ 2 ಮೂಲತಃ ಆಫ್ ಇರುತ್ತದೆ, ಕಾನ್ಫಿಗ್ ಫೈಲ್‌ನಲ್ಲಿ ಡಿಡಬ್ಲ್ಯುಸಿ2 ಓವರ್‌ಲೇಯನ್ನು (ಯುಎಸ್‌ಬಿ 2 ಆನ್ ಮಾಡುವ ಸೆಟ್ಟಿಂಗ್) ಹೋಸ್ಟ್ ಮೋಡ್‌ನಲ್ಲಿ ಸೇರಿಸಿ ರೀಬೂಟ್ ಮಾಡಿ.