ಶನಿವಾರದ ನೀರು ಮತ್ತು ಅಕ್ಕಿಕಾಳಿನಷ್ಟು ಗಾಳ

ಉಗುರಿನ ಮೇಲೆ ಇಟ್ಟರೂ ಜಾಗ ಮಿಗುತ್ತದೆ, ಅಷ್ಟು ಚಿಕ್ಕ ಕೊಕ್ಕೆ. ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಮೈತುಂಬ ಕಪ್ಪು ದಾರ, ಅದರ ಮೇಲೆ ಬೆಳ್ಳಿ ಬಣ್ಣದ ಸಣ್ಣ ತಂತಿಯ ಸುತ್ತು, ತಲೆಯ ಕಡೆ ಹೊಳೆಯುವ ಒಂದು ಮಣಿ. ಹೆಸರು ಝೀಬ್ರಾ ಮಿಜ್, ಹುಳುವಿನಂತೆ ಕಾಣುವ ಹುಸಿ ಗಾಳ. ಅಮೆರಿಕದ ಅರಿಜೋನಾದಲ್ಲಿ, ಕೊಲರಾಡೊ ನದಿಯ ಲೀಸ್ ಫೆರಿ ಎಂಬಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವವರು ಇಂಥದ್ದನ್ನು ತುಂಬಾ ನೆಚ್ಚಿಕೊಂಡಿದ್ದಾರೆ.

ಅಷ್ಟು ದೊಡ್ಡ ನದಿಗೆ ಇಷ್ಟು ಪುಟ್ಟ ಗಾಳ ಯಾಕೆ?

ಎರೆಹುಳ ಸಿಕ್ಕಿಸಿ, ಬೆಂಡು ಕಟ್ಟಿ ಕಾಯುವ ಗಾಳ ನಮಗೆಲ್ಲ ಗೊತ್ತು. ಫ್ಲೈ ಫಿಶಿಂಗ್ ಬೇರೆ ಥರ. ಇಲ್ಲಿ ಕೊಕ್ಕೆಗೆ ತೂಕವೇ ಇಲ್ಲ ಅನ್ನಬೇಕು. ಹಾಗಾಗಿ ದಪ್ಪನೆಯ ದಾರವನ್ನೇ ಚಾಟಿಯಂತೆ ಬೀಸುತ್ತಾರೆ, ಆ ದಾರದ ತೂಕವೇ ಹುಸಿ ಹುಳುವನ್ನು ಹೊತ್ತೊಯ್ಯುತ್ತದೆ. ನೀರಿಗೆ ಬಿದ್ದ ಮೇಲೆ ಅದು ನಿಜವಾದ ಹುಳುವಿನ ಹಾಗೆ ಹರಿವಿನ ಜೊತೆ ಸುಮ್ನೆ ತೇಲಿಹೋಗಬೇಕು. ದಾರ ಸ್ವಲ್ಪ ಎಳೆದರೂ ಟ್ರೌಟ್‌ಗೆ ಅನುಮಾನ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ನದಿಯಲ್ಲಿ ಮೀನು ದಿನಾ ಏನು ತಿನ್ನುತ್ತದೋ ಅದನ್ನೇ ಹೋಲಬೇಕು. ಅಂದರೆ ಮೀನುಗಾರನ ಡಬ್ಬಿ ತೆರೆದರೆ ನದಿಯ ಅಡುಗೆಮನೆ ಕಾಣುತ್ತದೆ. ಲೀಸ್ ಫೆರಿಯ ಅಡುಗೆಮನೆಯಲ್ಲಿ ಇರೋದು ಹೆಚ್ಚಾಗಿ ಮಿಜ್, ಅಂದರೆ ಕಚ್ಚದ ಗುಂಗುರಿನಂಥ ಹುಳು. ಬೇರೆ ಟ್ರೌಟ್ ನದಿಗಳಲ್ಲಿ ಧಾರಾಳವಾಗಿ ಸಿಗುವ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಎಂಬ ದೊಡ್ಡ ಹುಳುಗಳು ಇಲ್ಲಿ ತೀರಾ ಅಪರೂಪ.

ಕಾರಣ ನದಿಗುಂಟ ಸುಮಾರು 24 ಕಿಲೋಮೀಟರ್ ಮೇಲಕ್ಕೆ ಇದೆ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ಹಿಡಿಯಲು ಶುರುಮಾಡಿತು. ಅದಕ್ಕೂ ಮೊದಲು ಈ ನದಿ ಕೆಂಪು ಮಣ್ಣಿನ ರಾಡಿ, ಬೇಸಿಗೆಯಲ್ಲಿ ಬೆಚ್ಚಗಿನ ನೀರು. ಆಮೇಲೆ ಜಲಾಶಯದ ಆಳದಿಂದ ತಣ್ಣನೆಯ, ತಿಳಿಯಾದ ನೀರು ಬರತೊಡಗಿತು. ಟ್ರೌಟ್‌ಗೆ ಹೇಳಿ ಮಾಡಿಸಿದ್ದು. 1964ರಲ್ಲಿ ರೇನ್‌ಬೋ ಟ್ರೌಟ್ ತಂದು ಬಿಟ್ಟರು. ನೀರೇನೋ ಹಿಡಿಸಿತು, ಆದರೆ ಊಟ ಸಾಲಲಿಲ್ಲ. ಹುಳು ಇಷ್ಟು ಸಣ್ಣದಾದರೆ ಹಿಡಿಯುವ ಶ್ರಮಕ್ಕೂ ಸಿಗುವ ಕಸುವಿಗೂ ಸರಿಹೋಗುತ್ತದೆ. ಮೀನು ಒಂದು ಅಳತೆ ದಾಟಿ ಬೆಳೆಯೋದೇ ಕಷ್ಟ.

ಹಾಗಾದರೆ ದೊಡ್ಡ ಹುಳುಗಳು ಯಾಕಿಲ್ಲ? ಇದಕ್ಕೆ ಸಿಕ್ಕ ಉತ್ತರ ನನಗಂತೂ ಬಹಳ ಇಷ್ಟ. ಸಂಜೆ ಹೊತ್ತು ಹೊಳೆಯ ಅಂಚಿನಲ್ಲಿ ನೀರಿನಿಂದ ಅರ್ಧ ಮೇಲೆದ್ದ ಒಂದು ಕಲ್ಲನ್ನು ನೆನೆಸಿಕೊಳ್ಳಿ. ಹೆಣ್ಣು ಮೇಫ್ಲೈ ಬಂದು ಕೂರುತ್ತದೆ. ಕಲ್ಲಿನ ಮೈ ಹಿಡಿದು ಇಳಿಯುತ್ತದೆ. ನೀರಿನ ಮಟ್ಟದಿಂದ ಸ್ವಲ್ಪ ಕೆಳಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅಣೆಕಟ್ಟು ಇಲ್ಲದ ಹೊಳೆಯಲ್ಲಿ ಮುಂದಿನದೆಲ್ಲ ಸಲೀಸು. ಇಲ್ಲಿ ಹಾಗಲ್ಲ. ನಗರಗಳಿಗೆ ಕರೆಂಟ್ ಬೇಕಾದ ಹೊತ್ತಿಗೆ ಜಾಸ್ತಿ ನೀರು ಬಿಡುತ್ತಾರೆ, ಜನ ಮಲಗಿದ ಮೇಲೆ ಕಮ್ಮಿ ಮಾಡುತ್ತಾರೆ. ಬೆಳಗಾಗುವಷ್ಟರಲ್ಲಿ ನೀರು ಇಳಿದು, ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ. ಕೆಲವೇ ಗಂಟೆಗಳಲ್ಲಿ ಒಣಗಿ ಸಾಯುತ್ತವೆ.

ಇದು ಬರೀ ಊಹೆಯಾಗಿ ಉಳಿಯಲಿಲ್ಲ. ಇದೇ ನದಿ ಮುಂದೆ ಹರಿಯುವ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವ ಗೈಡ್‌ಗಳು ರಾತ್ರಿ ತಂಗಿದ ಕಡೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಆಲ್ಕೋಹಾಲ್ ಸುರಿದು, ಪಕ್ಕದಲ್ಲಿ ಒಂದು ದೀಪ ಹಚ್ಚಿಟ್ಟರು. ಬಿದ್ದ ಹುಳುಗಳನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಟೆಡ್ ಕೆನಡಿ ಮತ್ತು ಜೊತೆಗಾರರು ಎಣಿಸಿದರು. 2,500ಕ್ಕೂ ಹೆಚ್ಚು ಡಬ್ಬಿಗಳು! ಅಣೆಕಟ್ಟಿನಿಂದ ಹೊರಟ ನೀರಿನ ಏರಿಳಿತ ಕೆಳಕ್ಕೆ ಹರಿಯಲು ಹೊತ್ತು ಹಿಡಿಯುತ್ತದಲ್ವಾ? ಹಾಗಾಗಿ ಒಂದು ಕಡೆ ಮುಸ್ಸಂಜೆಗೆ ಏರುನೀರು ಇದ್ದರೆ ಇನ್ನೊಂದು ಕಡೆ ಇಳಿನೀರು. ಮುಸ್ಸಂಜೆಗೆ ನೀರು ಕಮ್ಮಿ ಇರುವ ಕಡೆ ಮಿಜ್ ಹೆಚ್ಚಾಗಿತ್ತು. ಅಲ್ಲಿ ಇಟ್ಟ ಮೊಟ್ಟೆ ಆಮೇಲೆ ನೀರಿನಿಂದ ಹೊರಗೆ ಬಿದ್ದು ಒಣಗುವುದಿಲ್ಲ. 2016ರಲ್ಲಿ ಈ ಲೆಕ್ಕ ಪ್ರಕಟವಾಯಿತು.

ಪರಿಹಾರವೂ ಅದರಲ್ಲೇ ಇತ್ತು. ವಾರದ ಕೊನೆಯಲ್ಲಿ ಕರೆಂಟಿಗೆ ಬೇಡಿಕೆ ಕಮ್ಮಿ. 2018ರ ಮೇಯಿಂದ ಆಗಸ್ಟ್‌ವರೆಗೆ ಪ್ರತಿ ಶನಿವಾರ, ಭಾನುವಾರ ನೀರನ್ನು ಕೆಳಮಟ್ಟದಲ್ಲಿ ಒಂದೇ ಸಮ ಹರಿಸಿದರು. ಆ ಎರಡು ಸಂಜೆ ಇಟ್ಟ ಮೊಟ್ಟೆಗಳು ವಾರವಿಡೀ ನೀರಿನಡಿಯಲ್ಲೇ ಉಳಿದವು. ದೀಪದ ಡಬ್ಬಿಗಳಲ್ಲಿ ಕ್ಯಾಡಿಸ್ ಹುಳುಗಳ ಎಣಿಕೆ ಹಿಂದಿನ ವರ್ಷಗಳಿಗಿಂತ ಎದ್ದು ಕಾಣುವಷ್ಟು ಏರಿತು. ಅಣೆಕಟ್ಟು ಒಡೆಯಲಿಲ್ಲ, ಒಂದು ಯಂತ್ರವನ್ನೂ ಬದಲಾಯಿಸಲಿಲ್ಲ. ಈ ಸುದ್ದಿ ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

2019, 2020ರಲ್ಲೂ ಹೀಗೇ ಮಾಡಿದರು. ಆದರೆ ಬರ ಬಂತು. ಜಲಾಶಯ ಕುಸಿದಂತೆ ಮೇಲ್ಪದರದ ಬೆಚ್ಚನೆಯ ನೀರು ಅಣೆಕಟ್ಟಿನ ಕೊಳವೆಗಳ ಹತ್ತಿರಕ್ಕೆ ಇಳಿಯಿತು, 2022ರಲ್ಲಿ ನದಿಯೇ ಬಿಸಿಯಾಯಿತು. ಹುಳು ಸಾಲದೆ ಇದ್ದ ಟ್ರೌಟ್‌ಗೆ ಆಗ ತಂಪೂ ಸಾಲದಾಯಿತು.