ಡೆಂಟ್ ಹೋಯ್ತು, ಗಾಡಿ ಮಾತ್ರ ಒಂದೇ ಕಡೆ ಎಳೆಯುತ್ತಿದೆ

ಗುದ್ದಿದ ಕಾರಿಗೆ ಟಿಂಕರಿಂಗ್ ಆಯ್ತು, ಪೇಂಟ್ ಆಯ್ತು, ವಾಟರ್ ವಾಶ್ ಮಾಡಿ ಗಾಡಿ ಕೈಗೆ ಕೊಟ್ಟಿದ್ದಾರೆ. ನೋಡೋಕೆ ಶೋರೂಮಿನಿಂದ ಬಂದ ಹಾಗಿದೆ. ಆದರೆ ವೇಗ 60 ದಾಟಿದ ಕೂಡಲೇ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ, ಎಲ್ಲಿಂದಲೋ ಗೊಂಯ್ ಅಂತ ಸದ್ದು, ಮಳೆ ಬಂದ ಮರುದಿನ ಕಾಲ ಕೆಳಗಿನ ಮ್ಯಾಟ್ ಒದ್ದೆ. ವಾಪಸ್ ಹೋಗಿ ಕೇಳಿದರೆ "ಅಲೈನ್‌ಮೆಂಟ್ ಮಾಡಿದೀವಿ ಸರ್, ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ" ಅನ್ನುತ್ತಾರೆ. ಸರಿ ಹೋಗಲ್ಲ. ಬಗ್ಗಿದ ಲೋಹ ಓಡಿಸಿದರೆ ನೆಟ್ಟಗಾಗುವುದಿಲ್ಲ.

ಈಗಿನ ಹೆಚ್ಚಿನ ಕಾರುಗಳಿಗೆ ಲಾರಿಗಿರುವಂತೆ ಬೇರೆ ಚಾಸಿ (ಅಡಿಯ ಗಟ್ಟಿ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. (ಬೊಲೆರೊ, ಥಾರ್ ಥರದವು ಬೇರೆ ಕಥೆ.) ತೆಳುವಾದ ಉಕ್ಕಿನ ತಗಡುಗಳನ್ನು ಸಾವಿರಾರು ಕಡೆ ವೆಲ್ಡ್ ಮಾಡಿ ಕಟ್ಟಿದ ಪೆಟ್ಟಿಗೆ ಅದು. ಸಸ್ಪೆನ್ಷನ್, ಇಂಜಿನ್, ಬಾಗಿಲು ಎಲ್ಲ ಅದಕ್ಕೇ ನೇತುಬಿದ್ದಿವೆ. ಮುಂದೆ ಗುದ್ದಿದಾಗ ಈ ಪೆಟ್ಟಿಗೆಯ ಮುಂಭಾಗ ಬೇಕೆಂದೇ ಮಡಿಯುತ್ತದೆ, ಗುದ್ದಿನ ಶಕ್ತಿಯನ್ನು ತಾನು ನುಂಗಿ ಒಳಗಿರುವವರನ್ನು ಉಳಿಸಲಿ ಅಂತ. ಈ ಉಪಾಯಕ್ಕೆ 1952ರಲ್ಲಿ ಪೇಟೆಂಟ್ ಸಿಕ್ಕಿದ್ದು ಮರ್ಸಿಡಿಸ್ ಕಂಪನಿಯ ಇಂಜಿನಿಯರ್ ಬೇಲಾ ಬರೇನಿ ಅವರ ಕೆಲಸಕ್ಕೆ, 1959ರಲ್ಲಿ ಅದು ರಸ್ತೆಗಿಳಿಯಿತು. ಜೀವ ಉಳಿಸುವ ಮಡಿಕೆಯೇ ರಿಪೇರಿ ಮಾಡುವವರ ತಲೆನೋವು. ಯಾಕಂದ್ರೆ ಬಂಪರ್ ಹತ್ತಿರ ಬಿದ್ದ ಏಟು ತಗಡಿನಿಂದ ತಗಡಿಗೆ ದಾಟಿಕೊಂಡು ಎಲ್ಲಿಗೋ ಹೋಗಿ ನಿಂತಿರುತ್ತದೆ.

ಕಂಬಿ ಕಟ್ಟುವ ತಂತಿಯ ಒಂದು ತುಂಡು ಬಗ್ಗಿಸಿ, ಆಮೇಲೆ ಮೊದಲಿನಂತೆ ನೆಟ್ಟಗೆ ಮಾಡಲು ನೋಡಿ. ಆಗಲ್ಲ. ಮಡಿದ ಜಾಗ ಹಾಗೇ ಉಳಿಯುತ್ತದೆ, ಅದರ ಪಕ್ಕದಲ್ಲಿ ಹೊಸ ತಿರುವು ಬರುತ್ತದೆ. ಉಕ್ಕು ಬಗ್ಗುವುದು ಅಂದರೆ ಅದರೊಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಜಾರಿದಷ್ಟೂ ಆ ಪದರಗಳ ಜೋಡಣೆಯಲ್ಲಿರುವ ದೋಷಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಆ ಜಾಗ ಗಡುಸಾಗುತ್ತದೆ. ಗ್ಯಾರೇಜಿನಲ್ಲಿ ಬಗ್ಗಿದ ಬಾಡಿಗೆ ಚೈನ್ ಹಾಕಿ ಎಳೆದರೆ ಗಡುಸಾದ ಜಾಗ ಬಗ್ಗದೆ, ಪಕ್ಕದ ಮೆತ್ತನೆಯ ಜಾಗ ಬಗ್ಗುತ್ತದೆ. ಚೈನ್ ಬಿಟ್ಟ ಮೇಲೆ ಒಂದಿಷ್ಟು ವಾಪಸ್ ಹೋಗುತ್ತದೆ ಕೂಡ.

ಹಾಗಾದರೆ ಕಾಯಿಸಿ ಬಡಿದರಾಯ್ತು ಅನ್ನುವವರಿದ್ದಾರೆ. ಹಳೆಯ ಕಾರುಗಳ ಮೆದು ಉಕ್ಕಿಗೆ ಅದು ನಡೆಯುತ್ತಿತ್ತು. ಈಗ ಬಾಗಿಲ ಪಕ್ಕದ ಪಿಲ್ಲರ್‌ಗಳಲ್ಲಿ ಹಲವು ಕಂಪನಿಗಳು ಬೋರಾನ್ ಉಕ್ಕು ಹಾಕುತ್ತವೆ. ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನೊಳಗೇ ಥಟ್ಟನೆ ತಣ್ಣಗಾಗಿಸಿ ತಯಾರಿಸಿದ್ದು, ಬಲ 1500 ಮೆಗಾಪಾಸ್ಕಲ್ ಹತ್ತಿರ. ಅದಕ್ಕೆ ಗ್ಯಾಸ್ ಟಾರ್ಚ್ ಹಿಡಿದರೆ ಆ ಬಲ ತುಂಬಾ ಕುಗ್ಗುತ್ತದೆ. ಹೊರಗಿನಿಂದ ಒಂದು ಚೂರೂ ಗೊತ್ತಾಗಲ್ಲ. ಅಂಥ ಭಾಗವನ್ನು ಬದಲಿಸಬೇಕು, ನೆಟ್ಟಗೆ ಮಾಡುವ ಮಾತೇ ಇಲ್ಲ.

ಈಗ ಎಳೆತದ ವಿಷಯ. ಮೊದಲು ಒಂದು ಅನುಮಾನ ಕಳೆಯೋಣ. ಮಳೆನೀರು ಹರಿಯಲಿ ಅಂತ ನಮ್ಮ ರಸ್ತೆಗಳು ಅಂಚಿನ ಕಡೆ ಸ್ವಲ್ಪ ಇಳಿಜಾರಾಗಿರುತ್ತವೆ, ನಾವು ಓಡಿಸುವುದು ಎಡಬದಿಯಲ್ಲಿ, ಹಾಗಾಗಿ ಗಾಡಿ ಚೂರು ಎಡಕ್ಕೆ ಜಾರಿದರೆ ಅದು ರಸ್ತೆಯ ಕೆಲಸವೂ ಆಗಿರಬಹುದು. ಇಳಿಜಾರಿಗೆ ಎದುರಾಗಿ ಬಲಕ್ಕೆ ಎಳೆದರೆ ಮಾತ್ರ ಖಂಡಿತ ಅನುಮಾನ ಪಡಿ. ಗಾಳಿ ಸರಿಯಾಗಿ ತುಂಬಿಸಿ, ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ ನೋಡಿ. ಎಳೆತದ ದಿಕ್ಕೂ ಬದಲಾದರೆ ಟೈರಿನದೇ ತಪ್ಪು. ಬದಲಾಗದಿದ್ದರೆ ವಿಷಯ ಟೈರಿಗಿಂತ ಆಳದಲ್ಲಿದೆ.

ಅಲೈನ್‌ಮೆಂಟ್ ಅಂದರೆ ಮುಖ್ಯವಾಗಿ ಚಕ್ರಗಳ ಮೂರು ಕೋನ. ಮೇಲಿನಿಂದ ನೋಡಿದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎದುರಿನಿಂದ ನೋಡಿದರೆ ಚಕ್ರ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದರೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ಒರಗಿರುವುದು ಕ್ಯಾಸ್ಟರ್. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಅಲೈನ್‌ಮೆಂಟ್ ಅಂಗಡಿಯ ಹುಡುಗ ತಿರುಗಿಸಿ ಸರಿಮಾಡುವುದು ಮುಂದಿನ ಟೋ ಒಂದನ್ನೇ. ಉಳಿದೆರಡನ್ನು ಕಂಪನಿಯೇ ಬಾಡಿ ಅಳತೆಯಲ್ಲಿ ಕಟ್ಟಿಹಾಕಿರುತ್ತದೆ. ಗಾಡಿಯನ್ನು ಒಂದು ಕಡೆ ಎಳೆಯುವುದು ಹೆಚ್ಚಾಗಿ ಈ ಉಳಿದೆರಡೇ. ಕ್ಯಾಸ್ಟರ್ ಕಮ್ಮಿ ಇರುವ ಕಡೆಗೆ, ಚಕ್ರದ ತಲೆ ಜಾಸ್ತಿ ಹೊರಕ್ಕೆ ವಾಲಿರುವ ಕಡೆಗೆ ಗಾಡಿ ಹೋಗುತ್ತದೆ. ಟೋ ಸರಿ ಮಾಡಿ ಅಲೈನ್‌ಮೆಂಟ್ ಮಷಿನ್ ಸ್ಕ್ರೀನ್ ಮೇಲೆ ಹಸಿರು ಬಂತು ಅಂದರೆ ಸ್ಟೇರಿಂಗ್ ನಡುವಿಗೆ ಬಂದಿರಬಹುದು, ಎಳೆತ ಹಾಗೇ ಉಳಿಯುತ್ತದೆ.

ಅದಕ್ಕೇ "ಅಲೈನ್‌ಮೆಂಟ್ ಓಕೆ" ಅನ್ನುವ ಬಾಯಿಮಾತಿಗಿಂತ ಆ ಮಷಿನ್ ಕೊಡುವ ಪ್ರಿಂಟ್ ನನಗೆ ಮುಖ್ಯ. ಅದರಲ್ಲಿ ಮೊದಲು ಮತ್ತು ಆಮೇಲಿನ ಅಂಕಿಗಳು ಎರಡೂ ಇರುತ್ತವೆ. ಎಡ ಬಲದ ಕ್ಯಾಂಬರ್, ಕ್ಯಾಸ್ಟರ್ ಹೋಲಿಸಿ. ಒಂದು ಕಡೆ ಮಾತ್ರ ಕಂಪನಿ ಕೊಟ್ಟ ಮಿತಿ ದಾಟಿದ್ದರೆ ಆ ಕಡೆ ಏನೋ ಬಗ್ಗಿದೆ: ಚಕ್ರವನ್ನು ಬಾಡಿಗೆ ಜೋಡಿಸುವ ಕೆಳತೋಳು (ಲೋವರ್ ಆರ್ಮ್), ಶಾಕ್ ಅಬ್ಸಾರ್ಬರ್ ಇರುವ ಸ್ಟ್ರಟ್, ಚಕ್ರ ಹಿಡಿದಿರುವ ನಕಲ್, ಇಲ್ಲವೇ ಬಾಡಿಯೇ. ಹಿಂದಿನ ಚಕ್ರಗಳ ಅಂಕಿ ನೋಡುವುದನ್ನು ಮರೆಯಬೇಡಿ. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ನೇರ ಹೋಗಲು ಸ್ಟೇರಿಂಗನ್ನು ಓರೆಯಾಗೇ ಹಿಡಿಯಬೇಕಾಗುತ್ತದೆ, ನೀವು ಮುಂದಿನದನ್ನು ಎಷ್ಟು ತಿರುಗಿಸಿದರೂ ವೇಸ್ಟು. ಚಕ್ರವೊಂದು ಬರೀ ಅರ್ಧ ಡಿಗ್ರಿ ಓರೆಯಾಗಿ ಓಡಿದರೂ ಒಂದು ಕಿಲೋಮೀಟರಿಗೆ ಸುಮಾರು 9 ಮೀಟರ್ ಅಡ್ಡ ಉಜ್ಜಿದ ಲೆಕ್ಕ. ಟೈರ್ ಒಂದೇ ಅಂಚಿನಲ್ಲಿ ಸವೆಯುವುದು ಸುಮ್ನೆ ಅಲ್ಲ.

ಬಾಡಿಯೇ ಬಗ್ಗಿದೆಯಾ ಅಂತ ಕಣ್ಣಂದಾಜಿನಲ್ಲಿ ಹೇಳೋಕಾಗಲ್ಲ. ಕಂಪನಿಗಳು ಬಾಡಿಯ ಗೊತ್ತಾದ ಬಿಂದುಗಳ ನಡುವಿನ ಅಂತರದ ಚಾರ್ಟ್ ಕೊಡುತ್ತವೆ, ಕೆಲವೇ ಮಿಲಿಮೀಟರ್ ವ್ಯತ್ಯಾಸಕ್ಕಷ್ಟೇ ಅವಕಾಶ. ಅಳತೆ ತೆಗೆದ ಹಾಳೆ ಕೊಡಿ ಅಂತ ಕೇಳಿ. ತಡವರಿಸಿದರೆ ಅಳತೆ ಮಾಡಿಯೇ ಇಲ್ಲ ಅಂತ ತಿಳಿಯಬಹುದು.

ಗೊಂಯ್ ಸದ್ದು ಹೆಚ್ಚಾಗಿ ವೀಲ್ ಬೇರಿಂಗಿನದು. ಏಟಿಗೆ ಒಳಗಿನ ಗುಂಡುಗಳು ತಾವು ಓಡುವ ದಾರಿಯಲ್ಲೇ ಸಣ್ಣ ಕುಳಿ ಮಾಡಿರುತ್ತವೆ. ಬಲಕ್ಕೆ ತಿರುಗುವಾಗ ಸದ್ದು ಜಾಸ್ತಿಯಾದರೆ ಎಡ ಚಕ್ರ ನೋಡಿಸಿ, ಯಾಕಂದ್ರೆ ಆಗ ಭಾರ ಎಡಕ್ಕೆ ಬೀಳುತ್ತದೆ.

ತುಕ್ಕು ನಿಧಾನಕ್ಕೆ ಬರುವ ನೆಂಟ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಒಳಮೂಲೆಗಳಿಗೂ ಪೇಂಟ್ ಹತ್ತಿಸಿರುತ್ತಾರೆ. ಗ್ಯಾರೇಜಿನಲ್ಲಿ ವೆಲ್ಡ್ ಮಾಡಿದಾಗ ಆ ಪದರ ಒಳಗಿನಿಂದ ಸುಟ್ಟುಹೋಗುತ್ತದೆ, ಸ್ಪ್ರೇ ಗನ್ ಅಲ್ಲಿಗೆ ಮುಟ್ಟಲ್ಲ. ಒಳಗೆ ಮೇಣ ಹೊಡೆಯದಿದ್ದರೆ, ತಗಡು ಸೇರುವಲ್ಲಿ ಸೀಲರ್ ಹಚ್ಚದಿದ್ದರೆ, ಉಡುಪಿ ಮಂಗಳೂರಿನ ಮಳೆಯಲ್ಲಿ ಹೊಸ ಪೇಂಟ್ ಗುಳ್ಳೆ ಏಳಲು ಬಹಳ ಕಾಲ ಬೇಡ. ಮ್ಯಾಟ್ ಒದ್ದೆಯಾಗುವುದೂ ಇದೇ ಸಂದುಗಳಿಂದ, ಇಲ್ಲವೇ ಸರಿಯಾಗಿ ಕೂರದ ಬಾಗಿಲ ರಬ್ಬರಿನಿಂದ.

ಹೊಸ ಕಾರುಗಳಲ್ಲಿ ಇನ್ನೊಂದು ಫಜೀತಿ ಸೇರಿದೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯ ರಾಡಾರ್ ಮುಂದಿನ ಗ್ರಿಲ್ ಅಥವಾ ಬಂಪರ್ ಹಿಂದೆ ಕೂತಿರುತ್ತದೆ. ಅದು 1 ಡಿಗ್ರಿ ತಿರುಗಿದರೆ 100 ಮೀಟರ್ ದೂರದಲ್ಲಿ 1.75 ಮೀಟರ್ ತಪ್ಪು, ಅಂದರೆ ನಮ್ಮ ಹೆದ್ದಾರಿಯ ಅರ್ಧ ಲೇನ್. ಪಕ್ಕದ ಲೇನಿನ ಲಾರಿ ನಿಮ್ಮ ಮುಂದೆಯೇ ಇದೆ ಅಂದುಕೊಳ್ಳಬಹುದು. ಬಂಪರ್ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ರಾಡಾರಿನ ದಿಕ್ಕು ಸರಿಹೊಂದಿಸಿದ (ಕ್ಯಾಲಿಬ್ರೇಷನ್) ರಿಪೋರ್ಟ್ ಕೇಳಿ. ರಾಡಾರ್ ಮುಂದೆ ಪುಟ್ಟಿ, ಮೆಟಾಲಿಕ್ ಪೇಂಟ್ ದಪ್ಪಗೆ ಹಚ್ಚಿದರೂ ಅದಕ್ಕೆ ಮಂಜು ಕವಿಯುತ್ತದೆ.

ಇನ್ಶೂರೆನ್ಸ್ ಕ್ಲೇಮಿನಲ್ಲಿ ರಿಪೇರಿ ಆಗಿದ್ದರೆ ಫೋನಿನಲ್ಲಿ ಜಗಳ ಆಡಬೇಡಿ. ಅಲೈನ್‌ಮೆಂಟ್ ಪ್ರಿಂಟ್, ಟೈರ್ ಸವೆತದ ಫೋಟೊ, ಗ್ಯಾರೇಜಿನ ಜಾಬ್ ಕಾರ್ಡ್ ಸೇರಿಸಿ ಗ್ಯಾರೇಜಿಗೂ ಇನ್ಶೂರೆನ್ಸ್ ಕಂಪನಿಗೂ ಒಂದೇ ಇಮೇಲ್ ಕಳಿಸಿ, ಸರ್ವೇಯರ್ ಮತ್ತೆ ಬಂದು ನೋಡಲಿ ಅಂತ ಬರೆಯಿರಿ. ಆಗ ಸಿಗದ ಹಾನಿ ಈಗ ಸಿಕ್ಕಿದೆ ಅನ್ನುವುದು ಹೊಸ ಮಾತೇನಲ್ಲ, ಅವರಿಗೂ ಗೊತ್ತು. ಇನ್ಶೂರೆನ್ಸ್ ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ (ಇನ್ಶೂರೆನ್ಸ್ ಒಂಬುಡ್ಸ್‌ಮನ್) ಕಚೇರಿ ಇದೆ, ಅಲ್ಲಿ ದೂರು ಕೊಡಲು ದುಡ್ಡು ಕಟ್ಟಬೇಕಿಲ್ಲ.